ಹೇಳಿದ ಬಣ್ಣ ಒಂದು, ಅಚ್ಚಾದ ಬಣ್ಣ ಇನ್ನೊಂದು! ಸರಿಪಡಿಸುವ ಬಗೆ ಹೇಗೆ?

ನಿಮ್ಮ ಬಡಾವಣೆಯ ಸಿಹಿತಿಂಡಿ ಅಂಗಡಿಯ ಮುಂದೆ ಒಮ್ಮೆ ನಿಂತು ನೋಡಿ. ಮೇಲಿನ ನಾಮಫಲಕದಲ್ಲಿರುವ ಕೆಂಪು ಒಂದು ಬಗೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತೂಗುಹಾಕಿದ ಕೈಚೀಲದ ಮೇಲಿನ ಕೆಂಪು ಇನ್ನೊಂದು ಬಗೆ. ಮೈಸೂರು ಪಾಕು ತುಂಬಿಕೊಟ್ಟ ಪೆಟ್ಟಿಗೆಯ ಕೆಂಪಂತೂ ಎರಡಕ್ಕೂ ಹೊಂದದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಮೂರಕ್ಕೂ ಮಾಲೀಕರು ಕೊಟ್ಟ ವಿನ್ಯಾಸ ಒಂದೇ, ಹೇಳಿದ ಬಣ್ಣವೂ ಒಂದೇ. ಹಾಗಿದ್ದರೂ ಮೂರು ಮುದ್ರಣಾಲಯಗಳಿಂದ ಮೂರು ಕೆಂಪುಗಳು ಹೊರಬಿದ್ದಿವೆ.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಹಬ್ಬದ ಮುನ್ನಾ ವಾರ ತಲಾ 12 ರೂಪಾಯಿಯ 5,000 ಪೆಟ್ಟಿಗೆಗಳನ್ನು ಮುದ್ರಿಸಿಕೊಟ್ಟ ಸಣ್ಣ ಮುದ್ರಣಾಲಯವೊಂದನ್ನು ಊಹಿಸಿಕೊಳ್ಳಿ. 'ಇದು ನಮ್ಮ ಬಣ್ಣವಲ್ಲ' ಎಂದು ಗಿರಾಕಿ ಸರಕನ್ನು ಹಿಂದಿರುಗಿಸಿದರೆ 60,000 ರೂಪಾಯಿ ನೀರಿನಲ್ಲಿ ಹೋಮವಾದಂತೆ. ಕಾಗದ ಹೋಯಿತು, ಶಾಯಿ ಹೋಯಿತು, ಗಿರಾಕಿಯೂ ಹೋದ. ಈ ನಷ್ಟವನ್ನು ತಪ್ಪಿಸಬಲ್ಲ ಉಪಾಯವೊಂದು ಮುದ್ರಣ ಕಸುಬಿನಲ್ಲಿದೆ. ಅದಕ್ಕೆ ತಗಲುವ ವೆಚ್ಚ ಒಂದೆರಡು ಹಾಳೆ ಕಾಗದ ಮತ್ತು ಸ್ವಲ್ಪ ಸಹನೆ ಮಾತ್ರ. ಅದೇ ಬಣ್ಣದ ಟೆಸ್ಟ್ ಚಾರ್ಟ್, ಅರ್ಥಾತ್ ಪರೀಕ್ಷಾ ಪಟ್ಟಿ. ಗಿರಾಕಿ ಕೇಳಿದ ಬಣ್ಣದ ಸುತ್ತಮುತ್ತಲಿನ ಹತ್ತಾರು ಛಾಯೆಗಳನ್ನು ಚೌಕ ಚೌಕವಾಗಿ ಅಚ್ಚುಮಾಡಿ, ಅವುಗಳಲ್ಲಿ ಸರಿಯಾದುದನ್ನು ಆರಿಸುವ ವಿಧಾನವಿದು.

ಸ್ಪಾಟ್ ಕಲರ್ ಎಂದರೇನು?

ಪತ್ರಿಕೆ, ಪುಸ್ತಕ, ಕ್ಯಾಲೆಂಡರುಗಳಲ್ಲಿ ನಾವು ಕಾಣುವ ವರ್ಣಚಿತ್ರಗಳೆಲ್ಲ ಸಾಮಾನ್ಯವಾಗಿ ನಾಲ್ಕೇ ಶಾಯಿಗಳ ಕರಾಮತ್ತು. ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ನೇರಳೆಗೆಂಪು, ಹಳದಿ ಮತ್ತು ಕಪ್ಪು. ಇವುಗಳ ಅತಿ ಸಣ್ಣ ಚುಕ್ಕೆಗಳನ್ನು ಅಕ್ಕಪಕ್ಕದಲ್ಲಿ, ಒಂದರ ಮೇಲೊಂದು ಅಚ್ಚುಹಾಕಿದಾಗ ದೂರದಿಂದ ನೋಡುವ ಕಣ್ಣಿಗೆ ನೂರಾರು ಬಣ್ಣಗಳಾಗಿ ತೋರುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಚುಕ್ಕೆಗಳ ಬಂಡವಾಳ ಬಯಲಾಗುತ್ತದೆ.

ಸ್ಪಾಟ್ ಕಲರ್ ಹಾಗಲ್ಲ. ಬೇಕಾದ ಬಣ್ಣದ ಶಾಯಿಯನ್ನು ಮೊದಲೇ ಬೆರೆಸಿ, ಆ ಒಂದೇ ಶಾಯಿಯಿಂದ ಅಚ್ಚುಹಾಕುವುದು ಅದರ ಕ್ರಮ. ಚುಕ್ಕೆಗಳ ಮಿಶ್ರಣವಿಲ್ಲದ ಕಾರಣ ಬಣ್ಣ ಸಮನಾಗಿ, ಗಾಢವಾಗಿ ಕೂರುತ್ತದೆ. ಕಂಪನಿಗಳ ಲಾಂಛನ, ಔಷಧಿ ಪೆಟ್ಟಿಗೆಯ ಪಟ್ಟೆ, ಸಾಬೂನಿನ ಹೊದಿಕೆ ಮುಂತಾದ ಕಡೆ ಇದೇ ಬಳಕೆಯಾಗುತ್ತದೆ. ಅಂಗಡಿಯ ಕಪಾಟಿನಲ್ಲಿ ಹೆಸರನ್ನು ಓದುವ ಮೊದಲೇ ಬಣ್ಣ ಕಂಡು ಕೈಚಾಚುವ ಗ್ರಾಹಕರು ನಾವು. ಛಾಯೆ ಸ್ವಲ್ಪ ಬದಲಾದರೂ 'ಇದು ಅಸಲಿಯೋ ನಕಲಿಯೋ' ಎಂಬ ಅನುಮಾನ ಹುಟ್ಟುವುದು ಸಹಜ.

ಈ ಬಣ್ಣಗಳಿಗೆ ಒಂದು ಸಾಮಾನ್ಯ ಭಾಷೆಯನ್ನು ಒದಗಿಸಿದವರಲ್ಲಿ ಅಮೆರಿಕದ ಪ್ಯಾಂಟೋನ್ ಸಂಸ್ಥೆ ಮುಖ್ಯವಾದುದು. ಲಾರೆನ್ಸ್ ಹರ್ಬರ್ಟ್ 1963ರಲ್ಲಿ ಹೊರತಂದ ಪದ್ಧತಿಯಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದು ಸಂಖ್ಯೆ, ಅದನ್ನು ಬೆರೆಸಲು ಒಂದು ಅಳತೆ ಇರುತ್ತದೆ. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಶೇಡ್ ಕಾರ್ಡಿನಲ್ಲಿ ಆ ಸಂಖ್ಯೆಯನ್ನು ತೋರಿಸಿದರೆ ಸಾಕು, ಬೆಂಗಳೂರಿನಲ್ಲಿ ಕುಳಿತವರು ಹೇಳಿದ ಬಣ್ಣ ಶಿವಕಾಶಿಯಲ್ಲಿರುವವರಿಗೂ ತಿಳಿಯುತ್ತದೆ. ಸಂಖ್ಯೆಯ ಮುಂದೆ 'ಸಿ' ಎಂದಿದ್ದರೆ ನುಣುಪಾದ ಆರ್ಟ್ ಪೇಪರಿನ ಮೇಲೆ, 'ಯು' ಎಂದಿದ್ದರೆ ಮ್ಯಾಪ್ಲಿತೋದಂಥ ಲೇಪನವಿಲ್ಲದ ಕಾಗದದ ಮೇಲೆ ಆ ಶಾಯಿ ಹೇಗೆ ಕಾಣುತ್ತದೆ ಎಂಬುದರ ಸೂಚನೆ. ಶಾಯಿ ಒಂದೇ ಆದರೂ ಕಾಗದ ಬದಲಾದರೆ ನೋಟ ಬದಲಾಗುತ್ತದೆ ಎಂಬ ಪಾಠ ಇಲ್ಲಿಯೇ ಇದೆ.

ಎಡವುವುದು ಎಲ್ಲಿ?

ಆಫ್‌ಸೆಟ್ ಯಂತ್ರದಲ್ಲಾದರೆ ಶಾಯಿಯನ್ನೇ ತೂಗಿ ಬೆರೆಸಬಹುದು. ಆದರೆ ಇಂದು ಫಲಕ, ಸ್ಟಿಕ್ಕರ್, ಕಡಿಮೆ ಸಂಖ್ಯೆಯ ಪೆಟ್ಟಿಗೆ ಮುಂತಾದ ಬಹುಪಾಲು ಕೆಲಸ ನಡೆಯುವುದು ಡಿಜಿಟಲ್ ಮುದ್ರಣ ಯಂತ್ರಗಳಲ್ಲಿ. ಅವುಗಳ ಒಡಲಲ್ಲಿರುವುದು ನಿಗದಿತ ಶಾಯಿಗಳು ಮಾತ್ರ. ಕೇಳಿದ ಬಣ್ಣಕ್ಕೊಂದು ಹೊಸ ಶಾಯಿ ತುಂಬಲು ಅಲ್ಲಿ ಅವಕಾಶವಿಲ್ಲ. ಆದ್ದರಿಂದ ಇದ್ದ ಶಾಯಿಗಳಿಂದಲೇ ಸ್ಪಾಟ್ ಕಲರನ್ನು ಹೋಲುವಂತೆ ಚುಕ್ಕೆಗಳನ್ನು ಜೋಡಿಸಬೇಕಾಗುತ್ತದೆ.

ಈ ಜೋಡಣೆಯ ಲೆಕ್ಕ ಹಾಕುವುದು 'ರಿಪ್' ಎಂದು ಕರೆಯಲ್ಪಡುವ ತಂತ್ರಾಂಶ. ವಿನ್ಯಾಸದ ಕಡತದಲ್ಲಿರುವ ಬಣ್ಣದ ಹೆಸರನ್ನು ಅದು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಅಲ್ಲಿ ಆ ಬಣ್ಣದ ಅಳತೆ ಮೂರು ಸಂಖ್ಯೆಗಳಲ್ಲಿರುತ್ತದೆ. ಯಂತ್ರ, ಶಾಯಿ ಮತ್ತು ಕಾಗದದ ಗುಣಗಳನ್ನು ದಾಖಲಿಸಿದ ಐಸಿಸಿ ಪ್ರೊಫೈಲ್ ಎಂಬ ಕಡತದ ನೆರವಿನಿಂದ ಆ ಮೂರು ಸಂಖ್ಯೆಗಳನ್ನು ಶಾಯಿಯ ಪ್ರಮಾಣಗಳಾಗಿ ಪರಿವರ್ತಿಸುತ್ತದೆ.

ಲೆಕ್ಕ ಸರಿಯಿದ್ದರೂ ಫಲ ತಪ್ಪಬಹುದು. ಪ್ರೊಫೈಲ್ ಸಿದ್ಧಪಡಿಸಿದ ದಿನದ ಯಂತ್ರ ಇಂದಿನಂತೆಯೇ ಇರುವುದಿಲ್ಲ. ನಳಿಕೆಗಳು ಕಟ್ಟಿಕೊಂಡಿರಬಹುದು, ಹೊಸ ತಂಡದ ವಿನೈಲ್ ಸ್ವಲ್ಪ ಹಳದಿಗೆ ವಾಲಿರಬಹುದು, ಮಳೆಗಾಲದ ತೇವಕ್ಕೆ ಕಾಗದ ಶಾಯಿಯನ್ನು ಬೇರೆ ರೀತಿ ಹೀರಬಹುದು. ಮೇಲಾಗಿ ಪ್ರೊಫೈಲ್ ಎಂಬುದು ಸಾವಿರಾರು ಬಣ್ಣಗಳಿಗೆ ಒಟ್ಟಾರೆಯಾಗಿ ಹೊಂದುವ ನಕ್ಷೆ. ಗಿರಾಕಿಗೆ ಬೇಕಾಗಿರುವುದಾದರೋ ಒಂದೇ ಬಣ್ಣ. ಆ ಒಂದು ಬಿಂದುವಿನಲ್ಲಿ ನಕ್ಷೆ ತುಸು ತಪ್ಪಿದ್ದರೂ ಕಣ್ಣು ಪತ್ತೆಹಚ್ಚುತ್ತದೆ. ಆ ತಪ್ಪನ್ನು ತಿದ್ದುವುದೇ ಪರೀಕ್ಷಾ ಪಟ್ಟಿಯ ಕೆಲಸ.

ಬಣ್ಣಕ್ಕೂ ಒಂದು ವಿಳಾಸ

ಪಟ್ಟಿಯನ್ನು ಅರ್ಥಮಾಡಿಕೊಳ್ಳಲು ಆ ಮೂರು ಸಂಖ್ಯೆಗಳ ಪರಿಚಯ ಅಗತ್ಯ. ಬೆಳಕು ಮತ್ತು ಬಣ್ಣಗಳ ಅಂತಾರಾಷ್ಟ್ರೀಯ ಆಯೋಗವು 1976ರಲ್ಲಿ ರೂಪಿಸಿದ 'ಲ್ಯಾಬ್' ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಒಂದು ವಿಳಾಸವಿದೆ. 'ಎಲ್' ಎಂಬುದು ಹೊಳಪನ್ನು ಹೇಳುತ್ತದೆ. 0 ಎಂದರೆ ಕಪ್ಪು, 100 ಎಂದರೆ ಬಿಳುಪು. 'ಎ' ಸಂಖ್ಯೆ ಹೆಚ್ಚಿದರೆ ಬಣ್ಣ ಕೆಂಪಿನತ್ತ, ಕುಗ್ಗಿದರೆ ಹಸಿರಿನತ್ತ ಸಾಗುತ್ತದೆ. 'ಬಿ' ಹೆಚ್ಚಿದರೆ ಹಳದಿಯತ್ತ, ಕುಗ್ಗಿದರೆ ನೀಲಿಯತ್ತ.

ಎರಡು ಬಣ್ಣಗಳ ನಡುವಿನ ಅಂತರವನ್ನು 'ಡೆಲ್ಟಾ ಇ' ಎನ್ನುತ್ತಾರೆ. ಮೂರೂ ಸಂಖ್ಯೆಗಳ ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 1976ರ ಸೂತ್ರದ ಡೆಲ್ಟಾ ಇ ಸಿಗುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ ಇದು. ಸ್ಥೂಲವಾಗಿ ಹೇಳುವುದಾದರೆ ಅಂತರ 1ಕ್ಕಿಂತ ಕಡಿಮೆಯಿದ್ದರೆ ಬರಿಗಣ್ಣಿಗೆ ತಿಳಿಯುವುದು ಕಷ್ಟ. 2ರಿಂದ 3ರಷ್ಟಿದ್ದರೆ ಅಕ್ಕಪಕ್ಕ ಇಟ್ಟಾಗ ಪಳಗಿದ ಕಣ್ಣು ಗುರುತಿಸುತ್ತದೆ. 5 ದಾಟಿದರೆ ಯಾರಿಗಾದರೂ ಕಂಡೀತು. ಎಲ್ಲ ಬಣ್ಣಗಳಲ್ಲೂ ನಮ್ಮ ಕಣ್ಣಿನ ಸೂಕ್ಷ್ಮತೆ ಒಂದೇ ಸಮನಲ್ಲ ಎಂಬುದನ್ನು ಡೇವಿಡ್ ಮ್ಯಾಕ್‌ಆಡಮ್ 1942ರಲ್ಲೇ ತೋರಿಸಿಕೊಟ್ಟಿದ್ದರು. ಆ ಕಾರಣದಿಂದ ಸೂತ್ರವನ್ನು ಹಲವು ಬಾರಿ ತಿದ್ದಲಾಗಿದ್ದು, ಈಗ 'ಡೆಲ್ಟಾ ಇ 2000' ಎಂಬ ಪರಿಷ್ಕೃತ ಸೂತ್ರ ಹೆಚ್ಚು ಬಳಕೆಯಲ್ಲಿದೆ.

ಪಟ್ಟಿ ಸಿದ್ಧಪಡಿಸುವ ಕ್ರಮ

ಮೊದಲು ಯಂತ್ರವನ್ನು ಹದಕ್ಕೆ ತರಬೇಕು. ನಳಿಕೆ ಪರೀಕ್ಷೆ, ತಲೆಗಳ ಜೋಡಣೆ, ಶಾಯಿ ಪ್ರಮಾಣದ ಸಮತೋಲನ ಇವೆಲ್ಲ ಮುಗಿದ ನಂತರವೇ ಪಟ್ಟಿಗೆ ಕೈಹಾಕಬೇಕು. ಇಲ್ಲವಾದರೆ ಇಂದು ತಿದ್ದಿದ್ದು ನಾಳೆ ತಪ್ಪಾಗುತ್ತದೆ. ಕೊನೆಯ ಕೆಲಸ ಯಾವ ಕಾಗದದ ಮೇಲೆ, ಯಾವ ವೇಗದಲ್ಲಿ ನಡೆಯುವುದೋ ಅದೇ ಕಾಗದ, ಅದೇ ವೇಗದಲ್ಲಿ ಪಟ್ಟಿಯೂ ಅಚ್ಚಾಗಬೇಕು. ವಿನೈಲ್ ಮೇಲೆ ಮುದ್ರಿಸುವ ಬಣ್ಣವನ್ನು ಫೋಟೋ ಕಾಗದದ ಮೇಲೆ ಪರೀಕ್ಷಿಸಿದರೆ ಫಲವಿಲ್ಲ.

ಸದ್ಯ ಯಂತ್ರ ಕೊಡುತ್ತಿರುವ ಬಣ್ಣವನ್ನು ಪಟ್ಟಿಯ ನಟ್ಟನಡುವಿನ ಚೌಕದಲ್ಲಿ ಇಡಲಾಗುತ್ತದೆ. ಬಲಕ್ಕೆ ಸರಿದಂತೆ 'ಎ' ಸಂಖ್ಯೆ ಎರಡೆರಡಾಗಿ ಏರುತ್ತದೆ, ಎಡಕ್ಕೆ ಇಳಿಯುತ್ತದೆ. ಮೇಲಕ್ಕೆ 'ಬಿ' ಏರುತ್ತದೆ, ಕೆಳಕ್ಕೆ ಇಳಿಯುತ್ತದೆ. ಹೀಗೆ ಐದು ಸಾಲು, ಐದು ಕಂಬಗಳ 25 ಚೌಕಗಳು. ಇದೇ ಪಟ್ಟಿಯನ್ನು ತುಸು ಗಾಢವಾಗಿ ಒಮ್ಮೆ, ತುಸು ತಿಳಿಯಾಗಿ ಒಮ್ಮೆ ಅಚ್ಚುಹಾಕಿದರೆ ಒಟ್ಟು 75 ಚೌಕಗಳಾಗುತ್ತವೆ. ಪ್ರತಿ ಚೌಕದ ಕೆಳಗೂ ಅದರ ಅಳತೆ ಮುದ್ರಿತವಾಗಿರಬೇಕು. ಅಳತೆ ಬರೆಯದ ಪಟ್ಟಿ ಊರಿನ ಹೆಸರಿಲ್ಲದ ಮೈಲಿಗಲ್ಲಿನಂತೆ. ಲ್ಯಾಬ್ ಸಂಖ್ಯೆಗಳ ಬದಲು ನೇರವಾಗಿ ಸಯಾನ್, ಮಜೆಂಟಾ, ಹಳದಿ, ಕಪ್ಪುಗಳ ಶೇಕಡಾವಾರು ಪ್ರಮಾಣವನ್ನು ಏರಿಳಿಸಿಯೂ ಪಟ್ಟಿ ಮಾಡುವುದುಂಟು. ತತ್ವ ಎರಡರಲ್ಲೂ ಒಂದೇ.

ಅಚ್ಚಾದ ಕೂಡಲೇ ತೀರ್ಮಾನಕ್ಕೆ ಬರಬಾರದು. ಶಾಯಿ ಒಣಗುವಾಗ ಬಣ್ಣ ಬದಲಾಗುತ್ತದೆ. ದ್ರಾವಕ ಶಾಯಿಯ ಮುದ್ರಣವನ್ನು ಒಂದು ದಿನವಾದರೂ ಬಿಟ್ಟು ನೋಡುವುದು ಕ್ಷೇಮ. ಕೊನೆಗೆ ಲ್ಯಾಮಿನೇಶನ್ ಮಾಡುವ ಕೆಲಸವಾದರೆ ಪಟ್ಟಿಗೂ ಅದೇ ಹಾಳೆ ಹೊದಿಸಿಯೇ ನೋಡಬೇಕು. ಹೊಳೆಯುವ ಹಾಳೆ ಬಣ್ಣವನ್ನು ಗಾಢವಾಗಿಸುತ್ತದೆ, ಮ್ಯಾಟ್ ಹಾಳೆ ಮಂಕಾಗಿಸುತ್ತದೆ.

ಒಂದು ಲೆಕ್ಕ

ಉದಾಹರಣೆಗೆ ಒಂದು ಕೇಸರಿ ಬಣ್ಣದ ಗುರಿ ಎಲ್ 68, ಎ 48, ಬಿ 75 ಎಂದು ಇಟ್ಟುಕೊಳ್ಳೋಣ. ಯಂತ್ರದಿಂದ ಹೊರಬಂದದ್ದು ಎಲ್ 66, ಎ 44, ಬಿ 70. ವ್ಯತ್ಯಾಸಗಳು ಕ್ರಮವಾಗಿ 2, 4 ಮತ್ತು 5. ಅವುಗಳ ವರ್ಗಗಳು 4, 16, 25, ಒಟ್ಟು 45. ವರ್ಗಮೂಲ ಸುಮಾರು 6.7. ಈ ಅಂತರ ಗಿರಾಕಿಯ ಕಣ್ಣಿಗೆ ಬೀಳದೆ ಇರದು.

ಮೊದಲ ಪಟ್ಟಿಯಲ್ಲಿ ಗುರಿಗೆ ಅತಿ ಹತ್ತಿರದ ಚೌಕ ಎಲ್ 67.5, ಎ 47, ಬಿ 73 ಎಂದು ಅಳತೆ ಕೊಟ್ಟರೆ ಅಂತರ 2.3ಕ್ಕೆ ಇಳಿಯಿತು. ಈಗ ಆ ಚೌಕವನ್ನೇ ನಡುವಿಗೆ ತಂದು, ಎರಡರ ಬದಲು ಒಂದೊಂದೇ ಹೆಜ್ಜೆಯ ಎರಡನೆಯ ಪಟ್ಟಿ ತೆಗೆಯಬೇಕು. ಅದರಲ್ಲಿ ಎಲ್ 68.2, ಎ 47.6, ಬಿ 74.4 ಅಳತೆಯ ಚೌಕ ಸಿಕ್ಕಿದರೆ ಅಂತರ 0.75 ಮಾತ್ರ. ಇನ್ನು ಮುಂದಕ್ಕೆ ಹೋಗುವ ಅಗತ್ಯವಿಲ್ಲ. ಆ ಚೌಕದ ಕೆಳಗೆ ಮುದ್ರಿತವಾದ ಅಳತೆಯನ್ನು ರಿಪ್‌ನ ಸ್ಪಾಟ್ ಕಲರ್ ಪಟ್ಟಿಯಲ್ಲಿ ದಾಖಲಿಸಿದರೆ ಕೆಲಸ ಮುಗಿಯಿತು.

ಇಲ್ಲಿ ನಡೆದದ್ದೇನು? ಐದು ನಿಮಿಷ ಹಿಂದಿರುವ ಗಡಿಯಾರವನ್ನು ನಂಬಿದವನು ಬಸ್ಸು ಹಿಡಿಯಲು ಐದು ನಿಮಿಷ ಮೊದಲೇ ಹೊರಡುತ್ತಾನಲ್ಲವೇ? ಹಾಗೆಯೇ ಯಂತ್ರ ಎಷ್ಟು ತಪ್ಪುತ್ತದೆ ಎಂಬುದನ್ನು ತಿಳಿದು ಅದಕ್ಕೆ ಕೊಡುವ ಗುರಿಯನ್ನೇ ಅಷ್ಟು ಸರಿಸಲಾಗಿದೆ. ಯಂತ್ರ ಬದಲಾಗಿಲ್ಲ, ಅದಕ್ಕೆ ಹೇಳುವ ಮಾತು ಬದಲಾಗಿದೆ.

ಪಟ್ಟಿಯನ್ನು ಓದುವಾಗ ಎರಡು ಸೂಚನೆಗಳನ್ನು ಗಮನಿಸಬೇಕು. ಒಪ್ಪುವ ಚೌಕ ಪಟ್ಟಿಯ ಅಂಚಿನಲ್ಲಿದ್ದರೆ ಅದಕ್ಕಿಂತ ಉತ್ತಮವಾದುದು ಪಟ್ಟಿಯ ಹೊರಗೆ ಇರಬಹುದು. ಆಗ ಅಂಚಿನ ಚೌಕವನ್ನು ನಡುವಿಟ್ಟು ಮತ್ತೊಂದು ಪಟ್ಟಿ ತೆಗೆಯುವುದು ಕ್ರಮ. ಒಂದು ದಿಕ್ಕಿನಲ್ಲಿ ಸಂಖ್ಯೆಗಳು ಏರುತ್ತಿದ್ದರೂ ಚೌಕಗಳೆಲ್ಲ ಒಂದೇ ರೀತಿ ಕಂಡರೆ ಯಂತ್ರದ ಶಕ್ತಿ ಅಲ್ಲಿಗೆ ಮುಗಿದಿದೆ ಎಂದರ್ಥ. ಹೊಳೆಯುವ ಕಿತ್ತಳೆ, ಗಾಢ ನೀಲಿಯ ಕೆಲವು ಛಾಯೆಗಳು ನಾಲ್ಕು ಶಾಯಿಗಳ ಎಟುಕಿಗೆ ನಿಲುಕುವುದಿಲ್ಲ. ಚಿನ್ನ, ಬೆಳ್ಳಿಯ ಲೋಹದ ಮಿರುಗು, ಫ್ಲೋರೊಸೆಂಟ್ ಬಣ್ಣಗಳ ಮಾತಂತೂ ದೂರವೇ ಉಳಿಯಿತು. ಅಂಥ ಸಂದರ್ಭದಲ್ಲಿ ಗಿರಾಕಿಗೆ ಮುಂಚಿತವಾಗಿಯೇ ತಿಳಿಸಿ, ಕಿತ್ತಳೆ, ಹಸಿರು, ನೇರಳೆ ಶಾಯಿಗಳೂ ಇರುವ ಯಂತ್ರಕ್ಕೆ ಅಥವಾ ಬೆರೆಸಿದ ಶಾಯಿಯ ಆಫ್‌ಸೆಟ್ ಮುದ್ರಣಕ್ಕೆ ಕೆಲಸವನ್ನು ವರ್ಗಾಯಿಸುವುದು ಪ್ರಾಮಾಣಿಕ ಮಾರ್ಗ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಅಳೆಯಲು ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣವಿದೆ. ಅದು ದುಬಾರಿಯಾದುದರಿಂದ ಸಣ್ಣ ಮುದ್ರಣಾಲಯಗಳು ಕಣ್ಣನ್ನೇ ನೆಚ್ಚಬೇಕಾಗುತ್ತದೆ. ಕಣ್ಣು ಅದ್ಭುತ ಸಾಧನವೇ ಸರಿ. ಆದರೆ ಅದು ಮೋಸಹೋಗುವ ಸಾಧನವೂ ಹೌದು. ಕೆಂಪು ಗೋಡೆಯ ಮುಂದೆ ಹಿಡಿದ ಬೂದು ಬಣ್ಣ ಹಸಿರಿನತ್ತ ವಾಲಿದಂತೆ ತೋರುತ್ತದೆ. ಪಟ್ಟಿಯಲ್ಲೂ ಅಷ್ಟೆ, ಪಕ್ಕದ ಚೌಕಗಳು ನಡುವಿನ ಚೌಕದ ನೋಟವನ್ನು ಕೆಡಿಸುತ್ತವೆ. ಇದಕ್ಕೆ ಸುಲಭ ಪರಿಹಾರವಿದೆ. ಬೂದು ಬಣ್ಣದ ದಪ್ಪ ಕಾಗದದಲ್ಲಿ ಅಕ್ಕಪಕ್ಕ ಎರಡು ಕಿಂಡಿ ಕೊರೆದು, ಒಂದರಲ್ಲಿ ಶೇಡ್ ಕಾರ್ಡು, ಇನ್ನೊಂದರಲ್ಲಿ ಚೌಕ ಮಾತ್ರ ಕಾಣುವಂತೆ ಇಟ್ಟು ಹೋಲಿಸಬೇಕು.

ಬೆಳಕಿನದು ಇನ್ನೊಂದು ಕಥೆ. ಅಂಗಡಿಯ ಟ್ಯೂಬ್‌ಲೈಟಿನಡಿ ತದ್ರೂಪಿಯಂತೆ ಕಂಡ ಎರಡು ಬಣ್ಣಗಳು ಬಿಸಿಲಿಗೆ ಬಂದಾಗ ಬೇರೆಯಾಗಬಹುದು. ಇದನ್ನು ಮೆಟಮೆರಿಸಂ ಎನ್ನುತ್ತಾರೆ. ಬೆರೆಸಿದ ಒಂದು ಶಾಯಿ ಮತ್ತು ನಾಲ್ಕು ಶಾಯಿಗಳ ಚುಕ್ಕೆಗಳು ಬೆಳಕನ್ನು ಪ್ರತಿಫಲಿಸುವ ರೀತಿ ಬೇರೆ ಬೇರೆ. ಒಂದು ನಿರ್ದಿಷ್ಟ ಬೆಳಕಿನಲ್ಲಿ ಮಾತ್ರ ಅವು ಒಂದೇ ಎಂಬ ಭ್ರಮೆ ಮೂಡುತ್ತದೆ. ಆದ್ದರಿಂದಲೇ ಮುದ್ರಣ ಪರಿಶೀಲನೆಗೆ ಐಎಸ್‌ಒ 3664 ಮಾನದಂಡವು 5,000 ಕೆಲ್ವಿನ್‌ನ 'ಡಿ 50' ಬೆಳಕನ್ನು ನಿಗದಿಪಡಿಸಿದೆ. ಅಂಥ ದೀಪದ ಪೆಟ್ಟಿಗೆ ಇಲ್ಲದವರು ನೇರ ಬಿಸಿಲು ಬೀಳದ ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ನೋಡಬಹುದು. ಜೊತೆಗೆ ಸರಕು ಕೊನೆಗೆ ಎಲ್ಲಿರುವುದೋ ಅಲ್ಲಿನ ಬೆಳಕಿನಲ್ಲೂ ಒಮ್ಮೆ ನೋಡುವುದು ಜಾಣತನ.

ನೋಡುವ ವ್ಯಕ್ತಿಯೂ ಮುಖ್ಯ. ಕೆಂಪು-ಹಸಿರುಗಳ ಭೇದ ಸರಿಯಾಗಿ ತಿಳಿಯದವರು ಗಂಡಸರಲ್ಲಿ ಹೆಚ್ಚು; ಅವರಲ್ಲಿ ಅನೇಕರಿಗೆ ತಮ್ಮ ಕೊರತೆಯ ಅರಿವೇ ಇರುವುದಿಲ್ಲ. ಕಣ್ಣಿನ ವೈದ್ಯರಲ್ಲಿ ಇಶಿಹಾರ ಪುಸ್ತಕದ ಪರೀಕ್ಷೆ ಮಾಡಿಸಿಕೊಂಡರೆ ಈ ಅನುಮಾನ ಪರಿಹಾರವಾಗುತ್ತದೆ. ಶೇಡ್ ಕಾರ್ಡನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬೆಳಕು, ಬೆವರು, ಧೂಳಿಗೆ ಅದೂ ಮಾಸುತ್ತದೆ. ಒಂದೂವರೆ ವರ್ಷದೊಳಗೆ ಬದಲಾಯಿಸಬೇಕಾದ ಕಾರ್ಡನ್ನು ಹತ್ತು ವರ್ಷ ಬಳಸುವವರು ತಪ್ಪಾದ ಗುರಿಯನ್ನು ಸರಿಯಾಗಿ ಮುಟ್ಟುತ್ತಿರುತ್ತಾರೆ!

ಹೆಸರನ್ನಷ್ಟೇ ನಂಬಿದರೆ

ಬಣ್ಣದ ಹೆಸರು ಅಥವಾ ಸಂಖ್ಯೆಯನ್ನಷ್ಟೇ ನಂಬಿ ಕೂರುವುದರ ಅಪಾಯ 2022ರ ನವೆಂಬರ್‌ನಲ್ಲಿ ಜಗತ್ತಿಗೇ ತಿಳಿಯಿತು. ಪರವಾನಗಿಯ ವ್ಯವಸ್ಥೆ ಬದಲಾದ ಕಾರಣ ಅಡೋಬಿ ಸಂಸ್ಥೆಯ ವಿನ್ಯಾಸ ತಂತ್ರಾಂಶಗಳಿಂದ ಪ್ಯಾಂಟೋನ್‌ನ ಹಲವು ಬಣ್ಣಪಟ್ಟಿಗಳು ಕಣ್ಮರೆಯಾದವು. ಪ್ರತ್ಯೇಕ ಚಂದಾ ಕಟ್ಟದವರು ಹಳೆಯ ಕಡತಗಳನ್ನು ತೆರೆದಾಗ ಕೆಲವು ಬಣ್ಣಗಳ ಜಾಗದಲ್ಲಿ ಬರೀ ಕಪ್ಪು ಕಾಣಿಸಿತು. ತಮ್ಮ ಬಣ್ಣಗಳ ಲ್ಯಾಬ್ ಅಳತೆಯನ್ನೂ, ಅಚ್ಚಾದ ಒಂದು ಮಾದರಿಯನ್ನೂ ಜತನವಾಗಿ ಇಟ್ಟುಕೊಂಡಿದ್ದವರು ಚಿಂತಿಸಬೇಕಾಗಲಿಲ್ಲ.

ಬಣ್ಣವನ್ನು ಅಳತೆಯಲ್ಲಿ ಹೇಳುವ ಪದ್ಧತಿಗೆ ನಮ್ಮ ಕಣ್ಣೆದುರಿಗೇ ಒಂದು ದೊಡ್ಡ ಉದಾಹರಣೆಯಿದೆ. ಅದು ನಮ್ಮ ರಾಷ್ಟ್ರಧ್ವಜ. 1951ರಲ್ಲಿ ಮೊದಲು ಪ್ರಕಟವಾಗಿ ನಂತರ ಪರಿಷ್ಕೃತಗೊಂಡ 'ಐಎಸ್ 1' ಮಾನದಂಡವು ಧ್ವಜದ ಕೇಸರಿ, ಬಿಳಿ, ಹಸಿರುಗಳನ್ನು ಸಂಖ್ಯೆಗಳಲ್ಲೇ ನಿರ್ದೇಶಿಸುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಪಡೆದು ಖಾದಿಯ ಧ್ವಜಗಳನ್ನು ತಯಾರಿಸುತ್ತ ಬಂದಿದೆ. ಬಟ್ಟೆಗೆ ಬಣ್ಣ ಹಾಕುವುದರಿಂದ ಹಿಡಿದು ಬಿಳಿಯ ಪಟ್ಟಿಯ ಎರಡೂ ಬದಿಗೆ ಅಶೋಕ ಚಕ್ರವನ್ನು ಅಚ್ಚೊತ್ತುವವರೆಗೆ ಪ್ರತಿ ಹಂತದಲ್ಲೂ ಅಲ್ಲಿ ಪರಿಶೀಲನೆಯುಂಟು. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ತಂದ ತಿದ್ದುಪಡಿಯು ಯಂತ್ರದಿಂದ ತಯಾರಾದ ಹಾಗೂ ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅವಕಾಶ ನೀಡಿದೆ. ಹೀಗಾಗಿ ಆಗಸ್ಟ್ ತಿಂಗಳಲ್ಲಿ ಧ್ವಜ ಮುದ್ರಿಸುವವರಿಗೂ 'ಅಂದಾಜಿನ ಕೇಸರಿ' ಸಾಲದು. ಅಳತೆಯ ಕೇಸರಿಯೇ ಬೇಕು.

ಗಿರಾಕಿಗಳು ತಿಳಿದಿರಬೇಕಾದದ್ದು

ಈ ವಿಚಾರಗಳೆಲ್ಲ ಮುದ್ರಕರಿಗೆ ಸಂಬಂಧಿಸಿದ್ದು, ನಮಗೇಕೆ ಎಂದು ಓದುಗರಿಗೆ ಅನ್ನಿಸಬಹುದು. ಮಗಳ ಮದುವೆಯ ಲಗ್ನಪತ್ರಿಕೆಯಾಗಲಿ, ಹೊಸದಾಗಿ ತೆರೆಯುವ ಅಂಗಡಿಯ ಫಲಕವಾಗಲಿ, ಒಂದಲ್ಲ ಒಂದು ದಿನ ನಾವೆಲ್ಲ ಮುದ್ರಣಾಲಯದ ಮೆಟ್ಟಿಲು ಹತ್ತುವವರೇ. ಆಗ ಮೊಬೈಲ್ ಪರದೆಯ ಮೇಲಿನ ಬಣ್ಣವನ್ನು ತೋರಿಸಿ 'ಹೀಗೇ ಬರಬೇಕು' ಎಂದು ಪಟ್ಟುಹಿಡಿಯುವುದು ಸಲ್ಲದು. ಪರದೆ ಬೆಳಕನ್ನು ಸೂಸುತ್ತದೆ, ಕಾಗದ ಬೆಳಕನ್ನು ಪ್ರತಿಫಲಿಸುತ್ತದೆ. ಎರಡೂ ಒಂದಾಗವು.

ಶೇಡ್ ಕಾರ್ಡಿನ ಸಂಖ್ಯೆಯನ್ನೋ, ಹಿಂದೆ ಅಚ್ಚಾದ ಒಳ್ಳೆಯ ಮಾದರಿಯನ್ನೋ ಕೈಯಲ್ಲಿ ಹಿಡಿದು ಹೋಗಿ. ಕೊನೆಯ ಕಾಗದದ ಮೇಲೆಯೇ ಪರೀಕ್ಷಾ ಪಟ್ಟಿ ತೆಗೆದು ತೋರಿಸುವಂತೆ ಕೇಳಿ. ಒಪ್ಪಿದ ಚೌಕದ ಪಕ್ಕದಲ್ಲಿ ದಿನಾಂಕ ಸಹಿತ ರುಜು ಹಾಕಿ, ಒಂದು ಪ್ರತಿಯನ್ನು ಮುದ್ರಕರ ಬಳಿ ಬಿಟ್ಟು ಇನ್ನೊಂದನ್ನು ಕತ್ತಲಿರುವ ಲಕೋಟೆಯಲ್ಲಿ ಜೋಪಾನವಾಗಿಡಿ. ಮುಂದಿನ ವರ್ಷ ಮತ್ತೆ ಮುದ್ರಿಸುವಾಗ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ.

ಮುದ್ರಕರಿಗೂ ಇದರಿಂದ ಲಾಭವೇ. ಗಿರಾಕಿ ರುಜು ಹಾಕಿದ ಚೌಕಕ್ಕಿಂತ ಬಲವಾದ ಸಾಕ್ಷಿ ಬೇರೊಂದಿಲ್ಲ. ಯಂತ್ರದ ಹೆಸರು, ಕಾಗದ, ಶಾಯಿ, ದಿನಾಂಕಗಳನ್ನು ಬರೆದ ಪಟ್ಟಿಗಳನ್ನು ಒಂದು ಕಡತದಲ್ಲಿ ಸೇರಿಸುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಅದು ಆ ಮುದ್ರಣಾಲಯದ ಆಸ್ತಿಯಾಗುತ್ತದೆ. ಹೊಸ ಕೆಲಸಗಾರ ಬಂದರೂ, ಹಳೆಯ ನುರಿತ ಕೈ ನಿವೃತ್ತಿಯಾದರೂ ಬಣ್ಣ ಮಾತ್ರ ಜಾಗ ಬಿಟ್ಟು ಕದಲದು. ಸಿಹಿತಿಂಡಿ ಅಂಗಡಿಯ ಫಲಕ, ಕೈಚೀಲ, ಪೆಟ್ಟಿಗೆ ಮೂರರಲ್ಲೂ ಒಂದೇ ಕೆಂಪು ಕಂಡ ದಿನ ಅದರ ಹಿಂದೆ ಯಾರೋ ಒಬ್ಬರು ಕಿಟಕಿಯ ಬಳಿ ನಿಂತು 75 ಚೌಕಗಳನ್ನು ಒಂದೊಂದಾಗಿ ನೋಡಿದ್ದಾರೆಂದು ತಿಳಿಯಿರಿ.